ಶರಣರ ದೃಷ್ಟಿಯಲ್ಲಿ ಯಜಮಾನಿಕೆ



ಅಂಗಡಿಯ ಹಮಾಲನು ತನ್ನ ಧಣಿಯನ್ನು ‘ಯಜಮಾನರೇ’ ಎಂದು ಕರೆಯುತ್ತಾನೆ. ಗೃಹಿಣಿಯು ಪರರೊಡನೆ ಮಾತನಾಡುವಾಗ ತನ್ನ ಪತಿಯನ್ನು ‘ನಮ್ಮ ಯಜಮಾನರು’ ಎನ್ನುತ್ತಾಳೆ. ಈ ಶಬ್ದವು ‘ಯಜ್’ ಎಂಬ ಧಾತುವಿನಿಂದ ಹುಟ್ಟಿದುದು. ಯಜ್ಞವನ್ನು ಮಾಡಿಸುವವನು, ಅದಕ್ಕಾಗಿ ಸ್ವಂತ ದ್ರವ್ಯವನ್ನು ವೆಚ್ಚಮಾಡಿ ಋತ್ವಿಜರಿಗೆ ದಕ್ಷಿಣೆಯನ್ನು ಕೊಡತಕ್ಕವನು ಎಂಬುದು ಅದರ ಮೊದಲಿನ ಅರ್ಥ. ನಮ್ಮ ಶರಣರು ಯಜ್ಞಯಾಗಾದಿಗಳನ್ನು ಒಪ್ಪಲಿಲ್ಲ. ಆದರೆ ಕೊಡುವವನೇ ಯಜಮಾನನೆಂಬ ಆ ತಾತ್ಪರ್ಯವು ದಾಸೋಹದಲ್ಲಿ ಇನ್ನೂ ಹೆಚ್ಚಿನ ಶುದ್ಧಿಯಿಂದ ಉಳಿಯಿತೆಂದು ಹೇಳಬಹುದು. ಲೋಕದಲ್ಲಿ ಈಗ ಪಡೆಯುವವನೂ ಗದರಿಸುವವನೂ ಯಜಮಾನನೆನಿಸಿಕೊಂಡಿದ್ದಾನೆ. ಶಬ್ದಗಳಿಗೂ ಇಂತಹ ದುರ್ದೆಸೆ ಬರುವುದುಂಟು.

ಈ ಮಾಸಿಕವನ್ನು ಓದುವ ಸದ್ಭಕ್ತರಲ್ಲಿ ಅಡತಿ ಅಂಗಡಿಯವರಿದ್ದಾರೆ, ಗಿರಣಿಯ ಮೇಲ್ವಿಚಾರಕರಿದ್ದಾರೆ, ಮುಖ್ಯೋಪಾಧ್ಯಾಯರಿದ್ದಾರೆ, ಹತ್ತಾಳು ದುಡಿಯುವ ಹೊಲದ ಒಡೆಯರಿದ್ದಾರೆ. ನಾಲ್ವರ ದುಡಿಮೆಯು ತಮ್ಮ ಮಾತಿನಂತೆ ನಡೆಯುವ ಸ್ಥಾನದಲ್ಲಿ ಇವರೆಲ್ಲರೂ ನಿಂತಿದ್ದಾರೆ. ಇವರಲ್ಲಿ ಲಿಂಗಪೂಜೆಯನ್ನು ತಪ್ಪಿಸುವವರು ವಿರಳ. ಆದರೆ ಪೂಜೆಯ ಕೋಣೆಯಲ್ಲಿ ಕುಳಿತಿದ್ದ ಮನುಷ್ಯನೇ ಗಾದಿಯ ಮೇಲೂ ಕುಳಿತಿದ್ದಾನೆಯೇ ಎಂಬುದನ್ನು ಕೈಕೆಳಗಿನವರೇ ಹೇಳಬಲ್ಲರು. ಅವರನ್ನು ಕೇಳುವವರಿಲ್ಲ.

ಶೂನ್ಯಸಂಪಾದನೆಯಲ್ಲಿ ಬರುವ ಸಿದ್ಧರಾಮರ ಪ್ರಸಂಗವನ್ನು ತಾವೆಲ್ಲರೂ ಪುರಾಣದಲ್ಲಿ ಕೇಳಿರುವಿರಿ. ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಅವರು ಕೆರೆಯನ್ನು ಕಟ್ಟಿಸುತ್ತಿದ್ದರು, ದೇವಾಲಯಗಳನ್ನು ಎತ್ತಿಸುತ್ತಿದ್ದರು. ಅಸಂಖ್ಯಾತ ಜನರು ಮಣ್ಣು ಹೊರುತ್ತಿದ್ದರು. ಆ ಕೆರೆಯನ್ನು ಇಂದಿಗೂ ನೋಡಬಹುದು. ಅಲ್ಲಿಗೆ ಬಂದ ಅಲ್ಲಮಪ್ರಭುದೇವರು ಸಿದ್ಧರಾಮರನ್ನು ಕುರಿತು ಬೇಕೆಂದೇ ಹಗುರವಾದ ಮಾತನ್ನಾಡಿದರು. ಕೆಲಸಗಾರರು ಕೆರಳಿ ಕಲ್ಲುಗಳನ್ನು ಬೀರಿದರು. ಒಂದು ಕಲ್ಲೂ ಪ್ರಭುದೇವರನ್ನು ಮುಟ್ಟಲಿಲ್ಲವೆಂದು ಕಥೆಯು ಮುಂದುವರಿಯುತ್ತದೆ.

ಕೇಳುವವರ ಮನಸ್ಸು ಸಾಮಾನ್ಯವಾಗಿ ಆ ಪವಾಡದ ಮೇಲೆ ನಿಲ್ಲುತ್ತದೆ. ವಿದ್ಯಾರ್ಥಿಗಳಿಗೆ ಈ ಭಾಗವನ್ನು ಪಾಠ ಹೇಳುವಾಗಲೆಲ್ಲ ನನ್ನ ದೃಷ್ಟಿಯು ಕಲ್ಲೆಸೆದವರ ಮೇಲೆ ನಿಲ್ಲುತ್ತದೆ. ಅವರಿಗೆ ಕಲ್ಲೆಸೆಯಿರೆಂದು ಯಾರೂ ಅಪ್ಪಣೆ ಕೊಡಲಿಲ್ಲ. ಸಿದ್ಧರಾಮರು ಆಗ ಸ್ಥಳದಲ್ಲಿಯೂ ಇರಲಿಲ್ಲ. ಸುದ್ದಿ ತಿಳಿದು ಆಮೇಲೆ ಬಂದವರು. ಬಂದವರು ಕೋಪದಿಂದಲೇ ಬಂದರು. ತಮ್ಮ ಒಡೆಯನಿಗೆ ಯಾವ ಮಾತು ಸಹನವಾಗದು ಎಂಬುದನ್ನು ಆಳುಗಳು ಮೊದಲೇ ಬಲ್ಲವರಾಗಿದ್ದರು. ಒಡೆಯನ ಮನಸ್ಸಿನ ಮೂಲೆಯಲ್ಲಿ ಅಡಗಿದ್ದ ‘ನಾನು ಕಟ್ಟಿಸಿದೆನು’ ಎಂಬ ಭಾವವು ಅವರ ಕೈಯಲ್ಲಿ ಕಲ್ಲಾಯಿತು. ಪ್ರಭುದೇವರ ಆಕ್ಷೇಪವಿದ್ದುದು ಈ ಭಾವದ ಮೇಲೆಯೇ ಹೊರತು ಕೆರೆಯ ನೀರಿನ ಮೇಲಲ್ಲವೆಂದು ನಾವು ತಿಳಿಯತಕ್ಕದ್ದು.

ನಿಮ್ಮ ಗುಮಾಸ್ತನು, ಎರಡು ಚೀಲ ಜೋಳವನ್ನು ಗಾಡಿಯಲ್ಲಿ ತಂದ ಬಡ ರೈತನೊಡನೆ ಹೇಗೆ ಮಾತನಾಡುತ್ತಾನೆ? ನೂರು ಚೀಲದವನೊಡನೆ ಹೇಗೆ? ಅವನು ಒರಟನಾದರೆ ಅವನನ್ನು ಬೈದು ಫಲವಿಲ್ಲ. ಅವನು ನೋಡಿದುದನ್ನೇ ಕಲಿತಿದ್ದಾನೆ. ಅವನ ಎದುರಿಗೆ ಕುಳಿತವರು ತಾವೇ. ಆಜ್ಞೆಯು ಕಿವಿಯನ್ನು ಮಾತ್ರ ಮುಟ್ಟುವುದು, ನಡತೆಯಾದರೋ ಇಡೀ ಅಂಗಡಿಯನ್ನು ವ್ಯಾಪಿಸುವುದು.

ಸಿದ್ಧರಾಮರ ಹಿರಿಮೆಯು ಇರುವುದು ಇದರ ಮುಂದೆ. ಸಾವಿರಾರು ಜನರಿಂದ ಪೂಜ್ಯರಾಗಿದ್ದ ಅವರು, ಪರಸ್ಥಳದಿಂದ ಬಂದವರೊಬ್ಬರು ತಪ್ಪನ್ನು ತೋರಿಸಿಕೊಟ್ಟಾಗ ತಿದ್ದಿಕೊಂಡರು. ಅವರೊಡನೆ ಕಲ್ಯಾಣಕ್ಕೆ ನಡೆದರು. ಚೆನ್ನಬಸವಣ್ಣನವರಿಂದ ಲಿಂಗದೀಕ್ಷೆಯನ್ನು ಪಡೆದರು. ಮುಂದೆ ಶೂನ್ಯಪೀಠವನ್ನು ಏರಿದವರ ಸಾಲಿನಲ್ಲಿ ಪರಂಪರೆಯು ಅವರನ್ನು ಎಣಿಸುತ್ತದೆ.

ಇನ್ನು ಲೆಕ್ಕದ ವಿಷಯ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ರಾಜದ್ರವ್ಯವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ದೂರಿದಾಗ ಅವರು ಭಂಡಾರವನ್ನು ತೆರೆದು ಎಣಿಸಿಕೊಳ್ಳಬೇಕೆಂದರು. ಎಣಿಸಲಾಗಿ ಹಣವು ಸರಿಯಾಗಿತ್ತು. 1369ರಲ್ಲಿ ಭೀಮಕವಿಯು ರಚಿಸಿದ ಬಸವಪುರಾಣದಂತಹ ಗ್ರಂಥಗಳಲ್ಲಿ ಇದು ಪವಾಡವಾಗಿ ಬರುತ್ತದೆ. ನಮ್ಮ ನಿಮ್ಮ ಪೆಟ್ಟಿಗೆಯಲ್ಲಿ ಅಂತಹ ಪವಾಡವು ನಡೆಯಲಾರದು. ಆದಕಾರಣ ಕಿರ್ದಿಯನ್ನು ಅಂದಂದೇ ಬರೆದಿಡುವುದು ಲೇಸು. ಲೆಕ್ಕ ಕೇಳಿದವರ ಮೇಲೆ ಬಸವಣ್ಣನವರು ಮುನಿಯಲಿಲ್ಲವೆಂಬುದನ್ನು ಗಮನಿಸಿರಿ. 1904ರ ಸಹಕಾರಿ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಸಂಘವನ್ನು ಕಟ್ಟಿದರು. ಒಬ್ಬರು ಇನ್ನೊಬ್ಬರ ಹಣವನ್ನು ನಂಬಿಗೆಯಿಂದ ಇಟ್ಟುಕೊಳ್ಳುವ ಕಾರ್ಯವದು. ಇಂದು ಕೆಲವು ಸಂಘಗಳಲ್ಲಿ ಸದಸ್ಯನು ಲೆಕ್ಕದ ಪುಸ್ತಕವನ್ನು ಕೇಳಿದರೆ ಕಾರ್ಯದರ್ಶಿಗಳ ಮುಖವು ಕೆಂಪಾಗುತ್ತದೆ. ‘ನನ್ನಲ್ಲಿ ವಿಶ್ವಾಸವಿಲ್ಲವೇ?’ ಎನ್ನುತ್ತಾರೆ. ಪುಸ್ತಕವನ್ನು ತೆರೆದಿಟ್ಟರೆ ಆ ಪ್ರಶ್ನೆಗೆ ಎಡೆಯೇ ಇರಲಾರದು.

ಆಯ್ದಕ್ಕಿ ಲಕ್ಕಮ್ಮನವರ ವಿಚಾರಕ್ಕೆ ಬರೋಣ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕವು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು. ಒಮ್ಮೆ ಮಾರಯ್ಯನವರು ಪ್ರಭುದೇವರ ಅನುಭಾವದಲ್ಲಿ ಮೈಮರೆತು ಕುಳಿತರು. ಕಾಯಕದ ಹೊತ್ತು ಮೀರುತ್ತಿದೆಯೆಂದು ಎಚ್ಚರಿಸಿದವರು ಲಕ್ಕಮ್ಮನವರು. ಕೇಳುತ್ತಿದ್ದುದು ಪ್ರಭುವಿನ ಮಾತು. ಆದರೂ ಅದು ಕಾಯಕ ತಪ್ಪಿಸುವುದಕ್ಕೆ ನೆಪವಾಗಲಿಲ್ಲ. ಮಠದ ಉತ್ಸವವೆಂದು ಹೇಳಿ ನಾಲ್ಕು ದಿನ ಆಳುಗಳ ಲೆಕ್ಕವನ್ನು ನೋಡದೆ ಬಿಡುವವರಿಗೂ ಇದು ಅನ್ವಯಿಸುತ್ತದೆ. ಮಠದ ಪತ್ರಿಕೆಯಲ್ಲಿ ಇದನ್ನು ಬರೆಯಲು ನನಗೆ ಸಂಕೋಚವಿಲ್ಲ.

ಮಾರಯ್ಯನವರು ಅಂದು ದಿನದ ಅಳತೆಗಿಂತ ಮಿಗಿಲಾದ ಅಕ್ಕಿಯನ್ನು ತಂದರು. ಬಸವಣ್ಣನವರೇ ಹೆಚ್ಚು ದೊರೆಯುವಂತೆ ಮಾಡಿಸಿದ್ದರೆಂದು ಹೇಳುತ್ತಾರೆ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಬೇಕೆಂದು ಲಕ್ಕಮ್ಮನವರು ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಅತಿಯಾಸೆಯ ನಿಷೇಧವೆಂದು ನಾವು ಇದನ್ನು ದುಡಿಯುವವರಿಗೆ ಮಾತ್ರ ಬೋಧಿಸುತ್ತ ಬಂದಿದ್ದೇವೆ. ಕೊಡುವ ಕೈಗೂ ಇಲ್ಲಿ ಒಂದು ಮಾತಿದೆ. ಕಾಯಕಕ್ಕೆ ಸಲ್ಲುವುದು ಬೇರೆ, ದಯೆಯಿಂದ ಬರುವುದು ಬೇರೆ; ಎರಡನ್ನೂ ಒಂದೇ ಮೊರದಲ್ಲಿ ಹಾಕಬಾರದೆಂದು ಆ ತಾಯಿ ತೋರಿಸಿಕೊಟ್ಟರು. ಬಸವಣ್ಣನವರಂತಹವರು ಪ್ರೀತಿಯಿಂದ ಕೊಟ್ಟುದೂ ಅವರ ಮನೆಯ ಲೆಕ್ಕಕ್ಕೆ ಹೊಂದಲಿಲ್ಲ.

ನಮ್ಮಲ್ಲಿ ನಡೆಯುವುದು ತಲೆಕೆಳಗು. ಸಲ್ಲಬೇಕಾದುದನ್ನು ತಡೆಯುತ್ತೇವೆ, ದಯೆಯನ್ನು ಮೆರೆಸುತ್ತೇವೆ. ಹಬ್ಬಕ್ಕೆ ಹಮಾಲನಿಗೊಂದು ಧೋತರವನ್ನು ಹತ್ತು ಜನರ ಮುಂದೆ ಕೊಡುವ ಧಣಿಯು ಅವನ ಎರಡು ವಾರದ ಕೂಲಿಯನ್ನು ಉಳಿಸಿಕೊಂಡಿರುತ್ತಾನೆ. ಮಗಳ ಮದುವೆಗೆಂದು ಕೊಟ್ಟ ಮುಂಗಡವನ್ನು ವರ್ಷಾನುಗಟ್ಟಲೆ ನೆನಪಿಸಿ ಅವನ ಬಾಯನ್ನು ಕಟ್ಟುತ್ತಾನೆ. ಇಂತಹ ಮನೆಯಿಂದ ಬರುವ ದಾಸೋಹದ ಅಕ್ಕಿಯನ್ನು ಲಕ್ಕಮ್ಮನವರು ಒಳಗೆ ತೆಗೆದುಕೊಳ್ಳುತ್ತಿದ್ದರೇ? ಅಡಿಗೆಯ ಮನೆಯಲ್ಲಿರುವ ನಮ್ಮ ತಾಯಂದಿರು ಈ ಪ್ರಶ್ನೆಯನ್ನು ಯಜಮಾನರಲ್ಲಿ ಕೇಳಬಹುದು. ಕೇಳುವ ಅಧಿಕಾರವನ್ನು ಶರಣರು ಅವರಿಗೆ ಕೊಟ್ಟಿದ್ದಾರೆ.

ಬಟವಾಡೆಯ ಹೊತ್ತಿನ ಮಾತನ್ನು ಹೇಳಿ ಮುಗಿಸುತ್ತೇನೆ. ಸಂತೆಯ ದಿನವೇ ವಾರದ ಕೂಲಿಯನ್ನು ಕೊಡುವ ರೂಢಿಯು ಅನೇಕ ಊರುಗಳಲ್ಲಿ ಇದೆ. ಇದು ಒಳ್ಳೆಯ ರೂಢಿ. ಆದರೆ ಹಣವನ್ನು ಬೆಳಗಿನಲ್ಲಿ ಕೊಟ್ಟರೆ ಆಳು ಮಧ್ಯಾಹ್ನ ಕೆಲಸಕ್ಕೆ ನಿಲ್ಲುವುದಿಲ್ಲವೆಂದು ದೀಪ ಹಚ್ಚುವವರೆಗೆ ತಡೆಯುವವರಿದ್ದಾರೆ. ಹಿಂದಿನ ಸಂಜೆಯೇ ಕೊಟ್ಟುಬಿಟ್ಟರೆ ಈ ತೊಡಕೇ ಇಲ್ಲ. ಕೂಲಿಯವನ ಹೆಂಡತಿಯು ಬರಿಯ ಚೀಲವನ್ನು ಹಿಡಿದು ಅಂಗಡಿಯ ಕಟ್ಟೆಯ ಬಳಿ ಕಾಯುತ್ತಿರುತ್ತಾಳೆ. ಹೊತ್ತು ಇಳಿದಂತೆ ಸಂತೆಯು ಕಲೆಯುತ್ತದೆ. ಆಕೆ ಹೋಗುವ ವೇಳೆಗೆ ಅಲ್ಲಿ ಉಳಿದಿರುವುದು ಬಾಡಿದ ಸೊಪ್ಪು.