ಕಾಲಿಡದಿರುವುದೂ ಕಾಯಕವೇ?

ಧರ್ಮವೆಂದರೆ ಮಾಡುವುದು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಪೂಜೆ, ದಾನ, ದಾಸೋಹ, ಕಾಯಕ, ಇವೆಲ್ಲವೂ ಕ್ರಿಯೆಗಳೇ. ಕೈಕಟ್ಟಿ ಕುಳಿತವನನ್ನು ಶರಣರ ಮಾರ್ಗವು ಎಂದೂ ಮೆಚ್ಚಿದ್ದಿಲ್ಲ. ಹಾಗಿರುವಾಗ ಒಂದು ಸ್ಥಳಕ್ಕೆ ಹೋಗದೆ, ದೂರದಲ್ಲಿಯೇ ನಿಂತುಬಿಡುವುದು ಧರ್ಮವಾಗಬಲ್ಲದೇ? ಈ ಪ್ರಶ್ನೆಯು ನಮಗೆ ಗ್ರಂಥಗಳ ಅಧ್ಯಯನದಿಂದ ಹುಟ್ಟಿದ್ದಲ್ಲ. ಮರಿಯಮ್ಮನಹಳ್ಳಿಯ ಸಮೀಪದ ತುಂಗಭದ್ರೆಯ ಹಿನ್ನೀರಿನಲ್ಲಿ, ಒಬ್ಬ ಅಂಬಿಗನ ಮಾತಿನಿಂದ ಹುಟ್ಟಿತು.

ಅದು ಹಲವು ವರ್ಷಗಳ ಹಿಂದಿನ ಒಂದು ಬೇಸಿಗೆ. ಜಲಾಶಯದ ನೀರು ಇಳಿದು ಅಲ್ಲಲ್ಲಿ ಮರಳಿನ ದಿಬ್ಬಗಳು ತಲೆಯೆತ್ತಿದ್ದವು. ಜನರ ಸುಳಿವಿಲ್ಲದ ಅಂಥ ಒಂದು ನಡುಗಡ್ಡೆಯಲ್ಲಿ ಕುಳಿತು ಲಿಂಗಪೂಜೆ ಮಾಡಿಕೊಳ್ಳಬೇಕೆಂಬ ಅಪೇಕ್ಷೆ ನಮ್ಮಲ್ಲಿ ಮೂಡಿತು. ಭಕ್ತರು ಹರಿಗೋಲನ್ನು ಗೊತ್ತುಮಾಡಿದರು. ದಿಬ್ಬವು ಸಮೀಪಿಸುತ್ತಲೇ, ಬೂದು ಮೈಯ, ಕರಿಯ ನೆತ್ತಿಯ, ಹಳದಿ ಕೊಕ್ಕಿನ ಹಕ್ಕಿಗಳು ಚೀರುತ್ತ ಮೇಲೆದ್ದವು. ನಾವು ದಡಕ್ಕೆ ಹೆಜ್ಜೆಯಿಟ್ಟೆವು. ಆಗ ಅಂಬಿಗನು, "ಬುದ್ಧೀ, ಮುಂದಕ ಹೋಗಬ್ಯಾಡ್ರಿ, ತತ್ತಿ ಇಟ್ಟಾವ. ನಾವಿಲ್ಲಿ ನಿಂತ್ರ ತಾಯಿ ಬಂದು ಕೂಡಂಗಿಲ್ಲ, ಬಿಸಲಿಗೆ ಬೆಂದು ಹೋಗ್ತಾವ" ಎಂದನು. ಆತನ ಮಾತು ಮುಗಿಯುವ ಮೊದಲೇ ನಮ್ಮ ಪಾದುಕೆಯ ಕೆಳಗೆ ಒಂದು ತತ್ತಿ ಒಡೆದಿತ್ತು.

ಜೊತೆಗಿದ್ದವರು, "ಅರಿಯದೆ ಆದದ್ದು, ದೋಷವಿಲ್ಲ" ಎಂದು ಸಮಾಧಾನ ಹೇಳಿದರು. ಆ ಸಮಾಧಾನವು ನಮ್ಮೊಳಗೆ ಇಳಿಯಲಿಲ್ಲ. ಅರಿಯಲಾಗದ್ದನ್ನು ಅರಿಯದಿರುವುದು ಬೇರೆ, ಕೇಳಿದ್ದರೆ ತಿಳಿಯಬಹುದಾಗಿದ್ದನ್ನು ಕೇಳದಿರುವುದು ಬೇರೆ. ಎರಡನೆಯದು ಅಜ್ಞಾನವಲ್ಲ, ಅಲಕ್ಷ್ಯ. ಅಂಬಿಗರ ಚೌಡಯ್ಯನನ್ನು ಶರಣನೆಂದು ವಂದಿಸುವ ನಾವು, ಎದುರಿಗೇ ಕುಳಿತು ಹುಟ್ಟು ಹಾಕುತ್ತಿದ್ದ ಅಂಬಿಗನನ್ನು ಒಂದು ಮಾತು ಕೇಳಲಿಲ್ಲ. ಅದಕ್ಕಿಂತಲೂ ಮಿಗಿಲಾದ ಪ್ರಶ್ನೆ ಇನ್ನೊಂದಿತ್ತು. ಅಂಗೈಯಲ್ಲಿಯೇ ಲಿಂಗವಿರುವಾಗ ನಾವು ಸ್ಥಳವನ್ನು ಅರಸಿ ಹೊರಟದ್ದಾದರೂ ಏಕೆ? ಸ್ಥಾವರದ ಹಂಗು ಬೇಡವೆಂಬ ಪರಂಪರೆಯವರಾದ ನಾವು ಒಂದು ಮರಳ ದಿಬ್ಬದ ಏಕಾಂತಕ್ಕೆ ಆಸೆಪಟ್ಟು, ಅಲ್ಲಿ ಉಸಿರಾಡಲಿದ್ದ ಜಂಗಮವನ್ನೇ ತುಳಿದಿದ್ದೆವು.

ಆ ಹಕ್ಕಿಯನ್ನು ಕನ್ನಡದಲ್ಲಿ ರೀವವೆಂದು ಕರೆಯುತ್ತಾರೆ. ಕಡಲ ಹಕ್ಕಿಗಳ ಬಳಗಕ್ಕೆ ಸೇರಿದ ಇದು ನದಿ ಜಲಾಶಯಗಳನ್ನೇ ತನ್ನ ಕಡಲಾಗಿಸಿಕೊಂಡಿದೆ. ಇದು ಮರದಲ್ಲಿ ಗೂಡು ಕಟ್ಟುವುದಿಲ್ಲ. ಬೇಸಿಗೆಯಲ್ಲಿ ಬಯಲಾಗುವ ನಡುಗಡ್ಡೆಯ ಬರಿಯ ನೆಲದಲ್ಲಿ ಸಣ್ಣ ಕುಳಿ ಮಾಡಿ, ಎರಡು ಮೂರು ತತ್ತಿಗಳನ್ನಿಡುತ್ತದೆ. ಅವುಗಳ ಬಣ್ಣವು ಮರಳಿನೊಂದಿಗೆ ಬೆರೆತುಹೋಗುತ್ತದೆ. ಸುತ್ತಲಿನ ನೀರೇ ಅದರ ಕೋಟೆ. ನೀರು ತೀರ ಇಳಿದು ದಿಬ್ಬವು ದಡಕ್ಕೆ ಕೂಡಿಕೊಂಡರೆ ನಾಯಿಗಳು ಬರುತ್ತವೆ, ನೀರು ಅಕಾಲದಲ್ಲಿ ಏರಿದರೆ ತತ್ತಿಗಳು ತೇಲಿಹೋಗುತ್ತವೆ. ಲಕ್ಕವಳ್ಳಿಯ ಬಳಿ ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಈ ಹಕ್ಕಿಗಳು ಗುಂಪುಗುಂಪಾಗಿ ಸಂತಾನ ಬೆಳೆಸುವುದನ್ನು ದೂರದ ದೋಣಿಯಿಂದ ಕಂಡವರು ನಿಮ್ಮಲ್ಲಿಯೂ ಇದ್ದಾರು. ಜಗತ್ತಿನಲ್ಲಿ ಇವುಗಳ ಸಂಖ್ಯೆ ಇಳಿಯುತ್ತಿದ್ದು, ಅಪಾಯದಂಚಿನ ಜೀವಿಗಳ ಪಟ್ಟಿಗೆ ಇವು ಸೇರಿವೆ.

ಇದೇ ನೀರಿನ ಕೋಟೆಯನ್ನು ನೀವು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿಯೂ ಕಾಣಬಹುದು. ಶತಮಾನಗಳ ಹಿಂದೆ ಬೇಸಾಯಕ್ಕಾಗಿ ಕಟ್ಟಿದ ಆ ಕೆರೆಯಲ್ಲಿ ಕರಿಜಾಲಿಯ ಮರಗಳು ನೀರಿನಲ್ಲಿಯೇ ನಿಂತಿವೆ. ಒಂದೊಂದು ಮರವೂ ಒಂದೊಂದು ನಡುಗಡ್ಡೆ. ಬಣ್ಣದ ಕೊಕ್ಕರೆ, ಕೆಂಬರಲು, ನೀರುಕಾಗೆ ಮೊದಲಾದ 30,000ಕ್ಕೂ ಮಿಕ್ಕ ನೀರುಹಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆ, ತಂಗುತ್ತವೆ. 98.76 ಹೆಕ್ಟೇರಿನ ಈ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವು 2024ರಲ್ಲಿ ರಾಮ್ಸಾರ್ ತಾಣಗಳ ಸಾಲಿಗೆ ಸೇರಿತು. ಕಾವೇರಿಯ ನಡುಗಡ್ಡೆಗಳಾದ ರಂಗನತಿಟ್ಟಿಗೆ 1940ರಲ್ಲಿಯೇ ಇಂಥ ರಕ್ಷಣೆ ದೊರೆತಿತ್ತು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿ ಅವರ ಒತ್ತಾಯಕ್ಕೆ ಮೈಸೂರಿನ ಅರಸರು ಓಗೊಟ್ಟಿದ್ದರು.

ಇಲ್ಲಿ ವಿಚಾರವಂತರು ಒಂದು ಆಕ್ಷೇಪವನ್ನು ಎತ್ತಬಹುದು. ಕೆರೆ ಕಟ್ಟಿದ್ದು ಬೆಳೆಗಾಗಿ, ಹಕ್ಕಿಗಾಗಿ ಅಲ್ಲ. ಮಳೆ ಸೋತ ವರ್ಷ ಒಣಗುವ ಪೈರಿನೆದುರು ನಿಂತ ರೈತನಿಗೆ, ಬಲೆ ಬೀಸದೆ ಬರಿಗೈಯಲ್ಲಿ ಮರಳುವ ಬೆಸ್ತನಿಗೆ, ಹಕ್ಕಿಗಾಗಿ ಬಿಟ್ಟುಕೊಡಿ ಎಂದು ಹೇಳಲು ಉಂಡು ಕುಳಿತ ನಮಗೆ ಯಾವ ಅಧಿಕಾರ? ಈ ಆಕ್ಷೇಪವನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಡವನ ಹೆಗಲಿಗೆ ತ್ಯಾಗವನ್ನು ಹೊರಿಸಿ, ಪುಣ್ಯವನ್ನು ಮಾತ್ರ ನಾವು ಹಂಚಿಕೊಳ್ಳುವುದು ದಯೆಯಲ್ಲ, ವಂಚನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯು ಇಂಥ ಸಂರಕ್ಷಣಾ ಮೀಸಲುಗಳ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗೂ ಸ್ಥಾನವಿತ್ತಿರುವುದು ಈ ದೃಷ್ಟಿಯಿಂದ ಉಚಿತವಾಗಿದೆ. ಆದರೆ ಕಾನೂನು ತೆರೆದ ಬಾಗಿಲನ್ನು ದಾಸೋಹವು ತುಂಬಬೇಕು. ಹಕ್ಕಿಗಾಗಿ ಒಬ್ಬ ರೈತನು ನಷ್ಟವನ್ನು ಸಹಿಸಿದರೆ, ಅದರಲ್ಲಿ ಪಾಲು ಹೊರುವುದು ಊರಿನ, ಉಳ್ಳವರ, ಮಠಗಳ ಕರ್ತವ್ಯವಾಗಿದೆ.

ಅಗತ್ಯಕ್ಕೂ ಅನುಕೂಲಕ್ಕೂ ಇರುವ ಅಂತರವನ್ನು ಇಲ್ಲಿ ಗುರುತಿಸಬೇಕು. ರೈತನ ನೀರು ಅಗತ್ಯ, ಬೆಸ್ತನ ಬಲೆ ಅಗತ್ಯ. ನಮ್ಮ ವಿಹಾರ, ನಮ್ಮ ಭಾವಚಿತ್ರ, ನಮ್ಮ ಏಕಾಂತ, ಇವು ಅಗತ್ಯಗಳಲ್ಲ. ಅಂದು ಒಡೆದ ತತ್ತಿ ಯಾವ ಹಸಿವಿಗೂ ಬಲಿಯಾದದ್ದಲ್ಲ. ಅದು ನಮ್ಮ ಇಷ್ಟಕ್ಕೆ ಬಲಿಯಾಯಿತು, ಆ ಇಷ್ಟವು ಪೂಜೆಯ ವೇಷದಲ್ಲಿತ್ತು ಎಂಬುದಷ್ಟೇ ವಿಶೇಷ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಯಾವ ವ್ರತವನ್ನೇ ನೋಡಿರಿ, ಅದರ ನಡುವೆ ಒಂದು 'ಒಲ್ಲೆ' ಇರುತ್ತದೆ. ಸೋಮಾರಿಯು ಹೋಗದಿರುವುದಕ್ಕೂ, ಹೋಗಬಲ್ಲವನು ಅರಿತು ಹೋಗದಿರುವುದಕ್ಕೂ ಅಜಗಜಾಂತರ. ಮೊದಲನೆಯದು ಜಡತೆ, ಎರಡನೆಯದು ಸಂಕಲ್ಪ. ಅಂಬಿಗನು ಪ್ರತಿವರ್ಷ ಆ ದಿಬ್ಬವನ್ನು ಬಳಸಿ ದೂರದಿಂದ ಹರಿಗೋಲು ನಡೆಸುತ್ತಿದ್ದನಂತೆ. ಅಷ್ಟು ಹೆಚ್ಚಿನ ಹುಟ್ಟುಗಳನ್ನು ಆತನು ಯಾರ ಕೂಲಿಗೂ ಹಾಕಿದ್ದಲ್ಲ. ಅದು ಕಾಯಕವಲ್ಲದೆ ಮತ್ತೇನು? ಬೇಸಿಗೆಯಲ್ಲಿ ಮಾತ್ರ ತಲೆಯೆತ್ತಿ ಮಳೆಗಾಲಕ್ಕೆ ಮುಳುಗುವ ದಿಬ್ಬಕ್ಕೆ ಬೇಲಿ ಹಾಕುವುದು ಯಾರಿಂದಲೂ ಆಗದು. ಮನುಷ್ಯನ ಮನಸ್ಸೇ ಅದಕ್ಕೆ ಬೇಲಿಯಾಗಬೇಕು.

ಮರಿಯಮ್ಮನಹಳ್ಳಿಯ ಜನರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯದಲ್ಲಿ ನಾರಾಯಣದೇವರಕೆರೆಯು ಮುಳುಗಿದಾಗ, ಅಲ್ಲಿಯ ಮನೆಗಳನ್ನು ತೊರೆದು ಬಂದು ಇಲ್ಲಿ ಒಲೆ ಹೂಡಿದ ಹಿರಿಯರ ಮಕ್ಕಳು ನೀವು. ನೆಲೆ ತಪ್ಪುವುದೆಂದರೇನೆಂಬುದು ನಿಮ್ಮ ಮನೆಗಳ ನೆನಪಿನಲ್ಲಿದೆ. ನಮ್ಮ ನೆಲೆಯನ್ನು ನುಂಗಿದ ಆ ನೀರೇ ಇಂದು ಇನ್ನೊಂದು ಜೀವಕ್ಕೆ ಬೇಸಿಗೆಯ ಮಟ್ಟಿಗೆ ಒಂದು ಅಂಗೈಯಗಲದ ನೆಲೆಯನ್ನು ಕೊಟ್ಟಿದೆ.

ಮುಂದಿನ ಬೇಸಿಗೆಯಲ್ಲಿ ನೀವು ಹಿನ್ನೀರಿನ ದಡದಲ್ಲಿ ನಿಂತಾಗ ನಡುಗಡ್ಡೆಯು ನಿಮ್ಮನ್ನೂ ಕರೆದೀತು. ಆಗ ದಡದಲ್ಲಿಯೇ ಕುಳಿತು, ಅಂಗೈಯ ಲಿಂಗವನ್ನು ನೋಡಿಕೊಳ್ಳಿರಿ. ನಾವೂ ಈಗ ಹಾಗೆಯೇ ಮಾಡುತ್ತೇವೆ. ಇಟ್ಟ ಹೆಜ್ಜೆಗಳನ್ನು ಎಣಿಸುವಂತೆಯೇ, ಇಡದೆ ಉಳಿಸಿದ ಹೆಜ್ಜೆಗಳನ್ನೂ ಪರಶಿವನು ಎಣಿಸುತ್ತಾನೆಂಬುದು ನಮ್ಮ ನಂಬಿಕೆ.