ಹೆಸರಿಟ್ಟವರು ಯಾರು?

ಸುಳ್ಯದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ ಗುತ್ತಿಗಾರು ಸಿಗುತ್ತದೆ. ಅಡಿಕೆ ತೋಟ, ರಬ್ಬರು, ಪುಟ್ಟ ಪೇಟೆ. ಇಂಥ ಹಳ್ಳಿಗೇನು ಚರಿತ್ರೆ ಎಂದು ನೀವು ಕೇಳಬಹುದು.

ಸುಳ್ಯ ಸೀಮೆ ಒಂದು ಕಾಲಕ್ಕೆ ಕೊಡಗಿನ ಅರಸರದು. 1834ರಲ್ಲಿ ಕಂಪೆನಿ ಸರಕಾರ ಕೊಡಗನ್ನು ವಶಪಡಿಸಿಕೊಂಡು ಈ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕಾಯಿತು. ಮನೆಯಲ್ಲಿ ಭತ್ತವಿದ್ದು ಕೈಯಲ್ಲಿ ಕಾಸಿಲ್ಲದ ರೈತ ಏನು ಮಾಡಬೇಕು? 1837ರಲ್ಲಿ ಜನ ದಂಗೆಯೆದ್ದರು. ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳುತನದಲ್ಲಿ ಮಂಗಳೂರಿಗೆ ನಡೆದು, ಏಪ್ರಿಲ್ 5ರಂದು ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಏರಿಸಿದರು. 13 ದಿನ ಪಟ್ಟಣ ಅವರ ಕೈಯಲ್ಲಿತ್ತು. ಬಳಿಕ ಸೈನ್ಯ ಬಂತು, ಕೆಲವು ಮುಂದಾಳುಗಳನ್ನು ಗಲ್ಲಿಗೇರಿಸಲಾಯಿತು.

ಆದರೆ ಜನರ ಬಾಯಲ್ಲಿ ಉಳಿದ ಹೆಸರು ಯಾವುದು? 'ಕಲ್ಯಾಣಪ್ಪನ ಕಾಟಕಾಯಿ.' ಕಾಟ ಕೊಟ್ಟವರ ಕಥೆ! ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತದ್ದು 2022ರಲ್ಲಿ.

ಪ್ರಿಯ ಓದುಗರೇ, ದಂಗೆಯಲ್ಲಿ ಕಳೆದುಕೊಂಡವರೂ ಇದ್ದಿರಬಹುದು. ಅವರ ನೋವನ್ನೂ ಮರೆಯುವಂತಿಲ್ಲ. ಆದರೆ ಕಾರಣವನ್ನು ಬಿಟ್ಟು ಹೆಸರನ್ನಷ್ಟೇ ಮುಂದಿನವರಿಗೆ ದಾಟಿಸುವುದು ನ್ಯಾಯವೇ? ನಿಮ್ಮ ಊರಿನಲ್ಲೂ 'ಜಗಳಗಂಟರ ಮನೆ' ಎಂದು ಕರೆಸಿಕೊಂಡ ಮನೆಯೊಂದು ಇದ್ದೀತು. ಅಜ್ಜನ ಕಾಲದ ಜಗಳಕ್ಕೆ ಮೊಮ್ಮಗ ಇಂದೂ ತಲೆ ತಗ್ಗಿಸುತ್ತಿರಬಹುದು. ಆ ಹೆಸರನ್ನು ಮಕ್ಕಳ ಮುಂದೆ ಆಡುವ ಮುನ್ನ ಒಮ್ಮೆ ಕೇಳಿ ನೋಡಿ: ಇದನ್ನು ಇಟ್ಟವರು ಯಾರು? ನೊಂದವರೋ, ಗೆದ್ದವರೋ? ತೀರಿಹೋದವರು ಎದ್ದು ಬಂದು ಸಾಕ್ಷಿ ನುಡಿಯಲಾರರು. ಅವರ ಪರವಾಗಿ ವಿಚಾರಿಸುವ ಋಣ ಬದುಕಿರುವ ನಮ್ಮದು.