ಹೊರಟುಹೋಗುವ ಹಣ, ಉಳಿದುಕೊಳ್ಳುವ ರೈತ

ಹಣಕ್ಕೆ ಊರಿಲ್ಲ ಎನ್ನುತ್ತಾರೆ. ಊರಿಲ್ಲದ್ದಕ್ಕೆ ಊರಿನ ಕಷ್ಟದ ಹೊಣೆ ಇದೆಯೇ? ದೇಶ ದೇಶಗಳ ಬಂಡವಾಳ ಪೇಟೆಗಳು ಒಂದಾಗುತ್ತಿರುವ ಬಗ್ಗೆ ಪಂಡಿತರು ಬರೆಯುವಾಗ ಎಷ್ಟು ಹಣ ಬಂತು, ಎಷ್ಟು ಬೆಳವಣಿಗೆಯಾಯಿತು, ಏರುಪೇರಿನ ಅಪಾಯ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಲೆಕ್ಕ ಬೇಕು, ನಿಜ. ಆದರೆ ನಾವಿಲ್ಲಿ ಕೇಳಬಯಸುವುದು ಬೇರೆ ಪ್ರಶ್ನೆ. ಲಾಭ ಕಂಡಾಗ ಒಳಗೆ ಬಂದವನು ನಷ್ಟ ಬರುವ ಮುನ್ನ ಎದ್ದು ಹೋದರೆ ಆ ನಷ್ಟ ಯಾರದು?

ಇದೆಲ್ಲ ಮುಂಬಯಿ, ನ್ಯೂಯಾರ್ಕಿನ ಮಾತು, ನಮಗೇಕೆ ಎಂದು ಬೈಲಹೊಂಗಲ, ಸವದತ್ತಿಯ ಕಡೆಯವರು ಹೇಳಬಹುದು. ಹಾಗೆ ಹೇಳುವಂತಿಲ್ಲ. ಆ ಎರೆ ನೆಲ ಜಗತ್ತಿನ ಹಣದ ಪೇಟೆಯ ಏರಿಳಿತವನ್ನು 160 ವರ್ಷಗಳ ಹಿಂದೆಯೇ ಉಂಡಿದೆ.

ಅದಕ್ಕೂ ಹಿಂದಿನದೊಂದು ಸಂಗತಿ ಇದೆ. 1824ರಲ್ಲಿ ಕಿತ್ತೂರನ್ನು ಗೆದ್ದ ಈಸ್ಟ್ ಇಂಡಿಯಾ ಕಂಪನಿ ಎಷ್ಟಾದರೂ ಲಂಡನ್ನಿನ ಶೇರುದಾರರ ಸಂಸ್ಥೆ. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ನಾಲ್ಕು ವರ್ಷದ ನಂತರ, 1833ರ ಕಾಯ್ದೆಯಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಕಂಪನಿಯ ವ್ಯಾಪಾರವನ್ನು ನಿಲ್ಲಿಸಿತು. ಆದರೆ ಶೇರುದಾರರ ಲಾಭಾಂಶವನ್ನು ನಿಲ್ಲಿಸಲಿಲ್ಲ. ವರ್ಷಕ್ಕೆ ಶೇಕಡಾ 10.5ರಂತೆ ಅದನ್ನು ಭಾರತದ ಕಂದಾಯದಿಂದಲೇ ಕೊಡಬೇಕೆಂದು ಬರೆದಿಟ್ಟಿತು. ಕಿತ್ತೂರ ನಾಡಿನಲ್ಲಿ ಮಳೆ ಬರಲಿ, ಬಿಡಲಿ, ಲಂಡನ್ನಿನ ಶೇರುದಾರನ ಪಾಲಿಗೆ ಬರಗಾಲವೇ ಇಲ್ಲ! ವ್ಯಾಪಾರವಿಲ್ಲದ ವ್ಯಾಪಾರಿ ಸಂಸ್ಥೆಗೆ ಖಾತ್ರಿಯ ಲಾಭ ಎಂಬುದನ್ನು ಯಾವ ನ್ಯಾಯಶಾಸ್ತ್ರ ಒಪ್ಪೀತು?

ಇನ್ನು ಹತ್ತಿಯ ಕಥೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಬಂದರುಗಳಿಗೆ ಉತ್ತರದ ನೌಕಾಪಡೆ ದಿಗ್ಬಂಧನ ಹಾಕಿತು. ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಇಲ್ಲದಾಯಿತು. ಆಗ ಅವರಿಗೆ ನೆನಪಾದದ್ದು ಧಾರವಾಡ, ಬೆಳಗಾವಿ ಸೀಮೆ. ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜವನ್ನು ಸರಕಾರ 1840ರ ದಶಕದಲ್ಲೇ ಇಲ್ಲಿ ಬಿತ್ತಿಸಿತ್ತು. ‘ಧಾರವಾಡ ಅಮೆರಿಕನ್’ ಎಂಬ ಹೆಸರು ಹೀಗೆ ಬಂದದ್ದು. ಸ್ಥಳೀಯ ತಳಿಗೆ ವಿಲಾಯತಿ ವ್ಯಾಪಾರಿಗಳು ಇಟ್ಟ ಹೆಸರು ‘ಕುಮಟಾ’. ಏಕೆಂದರೆ ಎತ್ತಿನ ಬಂಡಿಗಳು ಘಟ್ಟ ಇಳಿದು ಹತ್ತಿಯನ್ನು ಕುಮಟಾ ಬಂದರಿಗೆ ಒಯ್ಯುತ್ತಿದ್ದವು. ಬೆಲೆ ಹಲವು ಪಟ್ಟು ಏರಿತು. ಹತ್ತಿಯ ಸೀಮೆಗಳಲ್ಲಿ ಬಂಡಿಯ ಗಾಲಿಗೆ ಬೆಳ್ಳಿಯ ಪಟ್ಟಿ ಹಾಕಿಸಿದ್ದರಂತೆ ಎಂಬ ಮಾತು ಆ ಕಾಲದ್ದು. ಉತ್ಪ್ರೇಕ್ಷೆ ಇರಬಹುದು, ಆದರೆ ನಾಲ್ಕು ವರ್ಷ ಹಣ ಹರಿದದ್ದು ಸುಳ್ಳಲ್ಲ.

ಆ ಹಣದ ದೊಡ್ಡ ಪಾಲು ನಿಂತದ್ದು ಮುಂಬಯಿಯಲ್ಲಿ. ಅಲ್ಲಿ ದಿನಕ್ಕೊಂದು ಬ್ಯಾಂಕು, ವಾರಕ್ಕೊಂದು ಕಂಪನಿ ಎಂಬಂತಾಯಿತು. ಸಮುದ್ರ ತುಂಬಿ ನೆಲ ಮಾಡುವ ಬ್ಯಾಕ್‌ಬೇ ಕಂಪನಿಯ 5 ಸಾವಿರ ರೂಪಾಯಿಯ ಶೇರು 50 ಸಾವಿರದ ಆಸುಪಾಸಿಗೆ ಏರಿತು. 1865ರ ಏಪ್ರಿಲ್‌ನಲ್ಲಿ ಜನರಲ್ ಲೀ ಶರಣಾದ. ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು. ಜುಲೈ 1ರಂದು ವಾಯಿದಾ ವ್ಯಾಪಾರದ ಲೆಕ್ಕ ಚುಕ್ತಾ ಮಾಡಬೇಕಿತ್ತು. ಕೊಡುವವರ ಬಳಿ ಹಣವೇ ಇರಲಿಲ್ಲ. ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಮುಚ್ಚಿತು. ಈ ನಡುವೆ 1866ರ ಮೇ ತಿಂಗಳಲ್ಲಿ ಲಂಡನ್ನಿನ ಓವರೆಂಡ್ ಗರ್ನಿ ಎಂಬ ದೊಡ್ಡ ಸಂಸ್ಥೆಯೂ ಮುಳುಗಿತ್ತು.

ಮುಂಬಯಿಯ ದಿವಾಳಿಯ ಬಗ್ಗೆ ಪುಸ್ತಕಗಳಿವೆ. ಬೆಲೆ ಏರಿದ್ದಾಗ ಸಾಲ ಮಾಡಿದ ರೈತನ ದಿವಾಳಿಯನ್ನು ಬರೆದವರು ಕಡಿಮೆ. ಬೆಲೆ ಇಳಿಯಿತು, ಸಾಲ ಇಳಿಯಲಿಲ್ಲ. ಕಂದಾಯ ನಗದಿನಲ್ಲೇ ಕಟ್ಟಬೇಕಿತ್ತು. 1875ರಲ್ಲಿ ಪುಣೆ, ಅಹಮದ್‌ನಗರದ ರೈತರು ಸಾಹುಕಾರರ ಕಾಗದಪತ್ರಗಳಿಗೆ ಬೆಂಕಿ ಹಚ್ಚಿದರು. ಮರುವರ್ಷವೇ ಬೆಳಗಾವಿ, ಧಾರವಾಡ, ಕಲಾದಗಿಗಳ ಮೇಲೆ ಭೀಕರ ಬರ ಎರಗಿತು. ಬರಕ್ಕೆ ಕಾರಣ ಮಳೆ, ಮುಂಬಯಿ ಅಲ್ಲ. ಆದರೆ ಬರ ಎದುರಿಸುವ ಶಕ್ತಿ ಯಾರಲ್ಲಿ ಉಳಿದಿತ್ತು ಎಂಬುದಕ್ಕೆ ಸಾಲಕ್ಕೂ ಸಂಬಂಧವಿದೆ.

ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಒಂದು ನಿಯಮವಿದೆ. ಲಾಭ ಪಡೆಯುವ ಹಕ್ಕು ನಷ್ಟದ ಹೊಣೆ ಹೊತ್ತವನಿಗೆ ಮಾತ್ರ. ಬಡ್ಡಿಯ ನಿಷೇಧ, ಮುದಾರಬ ಎಂಬ ಪಾಲುದಾರಿಕೆಯ ಅನುಮತಿ ಎರಡೂ ಈ ನಿಯಮಕ್ಕೆ ಹೊಂದುತ್ತವೆ. ಇದು ಮುಸ್ಲಿಮರ ಸ್ವತ್ತೇನಲ್ಲ. ಹೊಲವನ್ನು ಪಾಲಿಗೆ ಮಾಡುವ ನಮ್ಮ ರೈತರಿಗೆ ಇದು ಗೊತ್ತು: ಬೆಳೆ ಬಂದರೆ ಇಬ್ಬರಿಗೂ, ಹೋದರೆ ಇಬ್ಬರದೂ. ಹಾಗಾದರೆ ಶೇರು ಬಡ್ಡಿಯಲ್ಲವಲ್ಲ, ಅದು ಪಾಲೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಸರಿಯಾದದ್ದೇ. 1865ರ ಮುಂಬಯಿಯಲ್ಲಿ ಜನ ಬೆನ್ನುಹತ್ತಿದ್ದೂ ಶೇರನ್ನೇ. ಬಡ್ಡಿಯಿಲ್ಲ ಎಂದಾಕ್ಷಣ ನ್ಯಾಯ ಬಂತು ಎನ್ನಲಾಗದು. ಬೆಳಿಗ್ಗೆ ಕೊಂಡು ಸಂಜೆ ಮಾರುವವನು ಕಾಗದದ ಮೇಲೆ ಪಾಲುದಾರ. ನಷ್ಟ ಮಾಗುವ ಹೊತ್ತಿಗೆ ಅವನು ಅಲ್ಲಿರುವುದಿಲ್ಲ.

2008ರಲ್ಲಿ ಕಂಡದ್ದೂ ಅದನ್ನೇ. ಜನವರಿಯಲ್ಲಿ 21 ಸಾವಿರ ದಾಟಿದ್ದ ಸೆನ್ಸೆಕ್ಸ್ ನವೆಂಬರ್‌ನಲ್ಲಿ 9 ಸಾವಿರಕ್ಕೂ ಕೆಳಗಿತ್ತು. ಅಮೆರಿಕದ ಮನೆಸಾಲಗಳು ಕೆಟ್ಟಾಗ ವಿದೇಶಿ ಸಂಸ್ಥೆಗಳು ಇಲ್ಲಿಂದ ಹಣ ತೆಗೆದದ್ದು ನಮ್ಮ ಕಂಪನಿಗಳು ಕೆಟ್ಟವೆಂದಲ್ಲ, ತಮ್ಮ ಮನೆಯ ಬೆಂಕಿ ಆರಿಸಲು. ಆದರೂ ನಮ್ಮ ಬ್ಯಾಂಕುಗಳು ಉಳಿದವು. ವೈ.ವಿ. ರೆಡ್ಡಿಯವರು ಗವರ್ನರ್ ಆಗಿದ್ದಾಗ ರಿಸರ್ವ್ ಬ್ಯಾಂಕ್ ಹಾಕಿದ್ದ ಬೇಲಿಗಳನ್ನು ಆಗ ಹಲವರು ಹಳೆಯ ಕಾಲದ ಬುದ್ಧಿ ಎಂದು ಟೀಕಿಸಿದ್ದರು. 1997ರ ಮೇ ಕೊನೆಯಲ್ಲಿ ತಾರಾಪೂರ್ ಸಮಿತಿ ಬಂಡವಾಳದ ಬಾಗಿಲನ್ನು ಹಂತಹಂತವಾಗಿ ತೆರೆಯಲು ಶಿಫಾರಸು ಮಾಡಿದ್ದೂ, ಜುಲೈ 2ರಂದು ಥಾಯ್ಲೆಂಡಿನ ನಾಣ್ಯ ಕುಸಿದದ್ದೂ ನೆನಪಿಡಬೇಕಾದ ಸಂಗತಿ.

ಬಾಗಿಲು ಮುಚ್ಚಿದರೆ ಎಲ್ಲರಿಗೂ ಒಳಿತೇ? ಇದೂ ಸುಲಭದ ಮಾತಲ್ಲ. 2010ರ ಏಪ್ರಿಲ್‌ನಲ್ಲಿ, ಮತ್ತೆ 2012ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಹತ್ತಿಯ ರಫ್ತನ್ನು ತಡೆಯಿತು. ನೂಲಿನ ಬೆಲೆ ತಗ್ಗಿದರೆ ರಾಮದುರ್ಗದ ನೇಕಾರನಿಗೆ ಅನುಕೂಲ. ಆದರೆ ಬೈಲಹೊಂಗಲದ ಅಂಗಳದಲ್ಲಿ ಹತ್ತಿ ಸುರಿದ ರೈತನಿಗೆ ಅದೇ ಆದೇಶ ಪೆಟ್ಟು. ಇಬ್ಬರೂ ಬಡವರು. ನಮಗೆ ಇಲ್ಲಿ ಕಾಣುವ ಅನ್ಯಾಯ ಬೇರೆ. ಹತ್ತಿಯ ಗಂಟನ್ನು ದಿಲ್ಲಿಯ ಒಂದು ಆದೇಶ ಗಡಿಯಲ್ಲಿ ನಿಲ್ಲಿಸಬಲ್ಲದು, ಕೂಲಿಯವನು ವೀಸಾ ಇಲ್ಲದೆ ಗಡಿ ದಾಟಲಾರ, ಹಣ ಮಾತ್ರ ಗುಂಡಿ ಒತ್ತಿದರೆ ದಾಟುತ್ತದೆ.

ಹೊರಡುವವನಿಂದ ಸ್ವಲ್ಪ ಶುಲ್ಕ ಕೇಳಿದವರಿದ್ದಾರೆ. 1991ರಲ್ಲಿ ಚಿಲಿ ದೇಶ, ಒಳಬರುವ ವಿದೇಶಿ ಸಾಲದ ಒಂದು ಪಾಲನ್ನು ಬಡ್ಡಿಯಿಲ್ಲದೆ ಕೇಂದ್ರ ಬ್ಯಾಂಕಿನಲ್ಲಿ ಇಡಬೇಕೆಂದಿತು. ಬೇಗ ಹೊರಡುವವನಿಗೆ ಅದು ಭಾರ, ಉಳಿಯುವವನಿಗೆ ಹಗುರ. 1998ರಲ್ಲಿ ಮಲೇಶಿಯಾ ಹಣದ ಹೊರಹರಿವಿಗೆ ತಡೆ ಹಾಕಿ ರಿಂಗಿಟ್ಟನ್ನು ಡಾಲರಿಗೆ 3.80ಕ್ಕೆ ಕಟ್ಟಿತು. ದೇಶ ಮುಳುಗುತ್ತದೆ ಎಂದು ಹಲವರು ಭವಿಷ್ಯ ನುಡಿದರು. ಮುಳುಗಲಿಲ್ಲ. ಹೀಗೆ ಮಾಡಿದರೆ ಮುಂದೆ ಯಾರು ಹಣ ತರುತ್ತಾರೆ ಎಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ, ಬಂಡವಾಳವಿಲ್ಲದೆ ಗಿರಣಿ ಏಳುವುದಿಲ್ಲ. ಆದರೆ ಗಿರಣಿ ಕಟ್ಟಲು ಬಂದ ಹಣಕ್ಕೂ ಮೂರು ವಾರಕ್ಕೆಂದು ಬಂದ ಹಣಕ್ಕೂ ಒಂದೇ ಮರ್ಯಾದೆ ಏಕೆ?

ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ನೇಮಕಗೊಂಡ ಸರಕಾರಿ ನೌಕರರನ್ನು ಹೊಸ ಪಿಂಚಣಿ ವ್ಯವಸ್ಥೆಗೆ ಸೇರಿಸಲಾಯಿತು. ಹೀಗೆ ಸೇರಿದ ಸವದತ್ತಿಯ ಒಬ್ಬ ಶಾಲಾ ಮಾಸ್ತರರ ಮುಪ್ಪಿನ ಹಣದಲ್ಲೂ ಒಂದು ಪಾಲು ಶೇರು ಪೇಟೆಯಲ್ಲಿದೆ. ಆ ಹಣದ ಹೆಚ್ಚಿನ ಪಾಲು ಅವರು ನಿವೃತ್ತರಾಗುವ ತನಕ ಅಲ್ಲಿಂದ ಅಲುಗದು. ಅದೇ ಪೇಟೆಯಲ್ಲಿ ಅವರ ಪಕ್ಕದಲ್ಲೇ ಕುಳಿತ ವಿದೇಶಿ ನಿಧಿ ನಾಳೆಯೇ ಏಳಬಹುದು. 2024ರ ಜೂನ್‌ನಲ್ಲಿ ನಮ್ಮ ಕೇಂದ್ರ ಸರಕಾರದ ಸಾಲಪತ್ರಗಳೂ ಜೆ.ಪಿ. ಮಾರ್ಗನ್ ಸಂಸ್ಥೆಯ ಸೂಚ್ಯಂಕಕ್ಕೆ ಸೇರಿದವು. ಆ ಪತ್ರಗಳನ್ನು ಹೊರಗಿನವರು ಮಿತಿಯಿಲ್ಲದೆ ಕೊಳ್ಳಬಹುದು, ಬೇಕೆಂದಾಗ ಮಾರಿ ಹೋಗಬಹುದು. ಲಾವಣಿಗೆ ಹೊಲ ಹಿಡಿದವನನ್ನು ಮಾತ್ರ ನಾವು ಸುಗ್ಗಿ ಮುಗಿಯುವ ತನಕ ಬಿಡುವುದಿಲ್ಲ.